ಬಲಕ್ಕೆ ಸರಿದ ಬೀಡಿ

ಮೇಸ್ತ್ರಿ ತೀರಿಕೊಂಡ ದಿನ ಚಿಕ್ಕಬಳ್ಳಾಪುರದ ಗ್ಯಾರೇಜುಗಳೆಲ್ಲ ಮಧ್ಯಾಹ್ನದವರೆಗೆ ಬಾಗಿಲು ಹಾಕಿದ್ದವು. ಸುದ್ದಿ ಬಂದ ಮೇಲೆ ಇತ್ತ ಶಿಡ್ಲಘಟ್ಟದಲ್ಲೂ ಹಾಕಿದರು. ನಾನು ಹಾಕಲಿಲ್ಲ. ಪಕ್ಕದ ಟೈರಿನ ಅಂಗಡಿಯವನು ಎರಡು ಸಲ ಬಂದು ಇಣುಕಿ ಹೋದ. ಮೂರನೇ ಸಲ ಕೇಳಿಯೇ ಬಿಟ್ಟ.

"ಏನಣ್ಣ, ನಿಮ್ಮ ಗುರುಗಳು ಹೋಗ್ಬಿಟ್ರಂತೆ. ನೀವಿನ್ನೂ ಸ್ಪ್ಯಾನರ್ ಹಿಡ್ಕೊಂಡೇ ಇದೀರ?"

"ಸ್ಪ್ಯಾನರ್ ಹಿಡಿಯೋದು ಕಲಿಸ್ದೋರೇ ಅವರು ಕಣಪ್ಪ. ಅದಕ್ಕೇ ಹಿಡ್ಕೊಂಡಿದೀನಿ" ಅಂದೆ.

ಅವನು ಅದನ್ನು ಗುರುಭಕ್ತಿ ಎಂದುಕೊಂಡು ತಲೆದೂಗುತ್ತಾ ಹೋದ.

ಭಕ್ತಿ ಅಲ್ಲ. ಹೊಟ್ಟೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಂಡ ಸಿಟ್ಟು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಂಡತಿ ಮಕ್ಕಳು ಅದೇ ಊರಿನಲ್ಲಿದ್ದಾರೆ, ಅವರು ನನಗೇನೂ ಮಾಡಿಲ್ಲ. ಎಂಟು ವರ್ಷ ಆ ಮನೆಯ ಮುದ್ದೆ ಉಂಡಿದ್ದೇನೆ. ಆ ಋಣಕ್ಕೆ 'ಅವರು' ಎಂದೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಯಾರೂ ನನ್ನಿಂದ ನಿರೀಕ್ಷಿಸಬೇಡಿ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಏಳೆಂಟು ವರ್ಷ ಕೂತೆ. ಬಿಸಿನೀರಿನಲ್ಲಿ ಬೇಯುವ ಗೂಡಿನಿಂದ ಎಳೆ ಹುಡುಕಿ ಎತ್ತಬೇಕು. ಎಳೆ ದಪ್ಪವೋ ಸಣ್ಣದೋ ಬೆರಳ ತುದಿಗೇ ಗೊತ್ತಾಗಬೇಕು. ಆ ಕೆಲಸದಲ್ಲಿ ಬೆರಳು ಬಿಳುಚಿ ಬಿರಿಯುತ್ತವೆ. ಸಾಕಾಗಿ, ಇಪ್ಪತ್ತು ತುಂಬಿದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಮೇಸ್ತ್ರಿಯ ಗ್ಯಾರೇಜಿನಲ್ಲಿ ಕೆಲಸ ಕೇಳಿದೆ. ಎಂಬತ್ತರ ದಶಕದ ನಡುವಿನ ಮಾತು. ಅವರು ನನ್ನ ಹೆಸರು ಕೇಳಲಿಲ್ಲ, ಓದು ಕೇಳಲಿಲ್ಲ.

"ಬೆರಳು ತೋರ್ಸು" ಅಂದರು. ತೋರಿಸಿದೆ. "ಚರಕದ ಕೈ. ಆಯಿಲ್ ನೋಡೋಕೆ ಆಗ್ತದೆ. ಇರು."

ಮೊದಲ ಪಾಠವೂ ಅದೇ. ಇಂಜಿನ್ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿ, ಮೆಲ್ಲಗೆ ಬಿಡಿಸಬೇಕು. "ಒಳ್ಳೆ ಆಯಿಲ್ ಎಳೆ ಬಿಡಲ್ಲ. ನಿಮ್ಮೂರ ನೂಲಿನ ಥರ ಎಳೆ ಬಂತೋ, ಏನೋ ಬೆರೆಸವ್ರೆ ಅಂತ ತಿಳ್ಕೋ." ಅವರು ಕಲಿಸಿದ ಪಾಠಗಳಲ್ಲಿ ಇದೊಂದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳಿಕೊಡುತ್ತೇನೆ. ಇದೇ ಪಾಠ ಒಂದು ದಿನ ಅವರ ಕುತ್ತಿಗೆಗೇ ಬಂತು. ಅದನ್ನು ಮುಂದೆ ಹೇಳುತ್ತೇನೆ.

ನೋಡಲು ಅವರು ಮೆಕ್ಯಾನಿಕ್ಕಿನ ಹಾಗೆ ಇರಲೇ ಇಲ್ಲ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಅದರ ಮೇಲೆ ಒಂದು ಆಯಿಲ್ ಕಲೆ ಇಲ್ಲ. ಕಲೆಯೆಲ್ಲ ನಮ್ಮ ಪಾಲಿಗೆ. ಬಾಯಿಯ ಎಡ ಮೂಲೆಯಲ್ಲಿ ಯಾವಾಗಲೂ ಹಚ್ಚದ ಒಂದು ಬೀಡಿ. ಶಬ್ದ ಬರುವ ಗಾಡಿ ಬಂತೆಂದರೆ ಗ್ಯಾರೇಜು ದೇವಸ್ಥಾನವಾಗಬೇಕು. ಸುತ್ತಿಗೆ ನಿಲ್ಲಬೇಕು, ಎದುರಿನ ಟೀ ಅಂಗಡಿಯ ರೇಡಿಯೊ ನಿಲ್ಲಬೇಕು. ಮೊಳಕ್ಕಿಂತ ಉದ್ದದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ, ಇನ್ನೊಂದಕ್ಕೆ ಕಿವಿ ಕೊಟ್ಟು, ಕಣ್ಣು ಮುಚ್ಚುತ್ತಿದ್ದರು. ಸಲಾಕೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಸರಿಯಾದ ಜಾಗಕ್ಕೆ ಬಂದ ಕ್ಷಣ ಬೀಡಿ ತಾನಾಗಿಯೇ ಎಡ ಮೂಲೆಯಿಂದ ಬಲ ಮೂಲೆಗೆ ಸರಿಯುತ್ತಿತ್ತು. ನಾಲಿಗೆ ತಳ್ಳುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲ. ಕೆಲಸದವರಿಗೆಲ್ಲ ಗೊತ್ತಿತ್ತು. "ಬೀಡಿ ಬಲಕ್ಕೆ ಹೋಯ್ತು" ಎಂದರೆ ರೋಗ ಸಿಕ್ಕಿತು ಎಂದು ನಮ್ಮೊಳಗಿನ ಮಾತು. ಎಂಟು ವರ್ಷದಲ್ಲಿ ಆ ಬೀಡಿ ಒಂದು ಸಲವೂ ತಪ್ಪಲಿಲ್ಲ. ಅಂಥ ಕಿವಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಒಪ್ಪುತ್ತೇನೆ.

ಸುಳ್ಳು ಹೇಳುತ್ತಿದ್ದುದು ಬಾಯಿ.

ಕಣ್ಣು ತೆರೆದು, ಸುತ್ತ ಯಾರು ಯಾರು ನಿಂತಿದ್ದಾರೆಂದು ನೋಡಿ, ಆಮೇಲೆ ತೀರ್ಪು ಕೊಡುತ್ತಿದ್ದರು. ಬಡಪಾಯಿ ಒಬ್ಬನೇ ಇದ್ದರೆ ನಿಜ ಹೇಳಿದರೂ ಹೇಳುತ್ತಿದ್ದರು. ನಾಲ್ಕು ಜನ ದೊಡ್ಡವರಿದ್ದರೆ ದೊಡ್ಡ ರೋಗವೇ ಆಗಬೇಕು. ಒಂದು ಸಲ ಬಾಯಿಂದ ಬಂದ ಮಾತು ಮತ್ತೆ ತಿರುಗುವಂತಿಲ್ಲ. "ಮೇಸ್ತ್ರಿ ಒಂದ್ ಮಾತು ಆಡಿದ ಮೇಲೆ ಇಂಜಿನ್ನೇ ಒಪ್ಕೋಬೇಕು ಕಣೋ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಗಬಾರದಿತ್ತು.

ಮಂಚೇನಹಳ್ಳಿಯ ಗಂಗಪ್ಪ ಎಂಬವರು ಗೌರಿಬಿದನೂರಿಗೆ ಸರ್ವಿಸ್ ಜೀಪು ಓಡಿಸುತ್ತಿದ್ದರು. ಹತ್ತು ಜನದ ಜಾಗಕ್ಕೆ ಇಪ್ಪತ್ತು ಜನ ತುಂಬುವ ಜೀಪು. ನಾನು ಸೇರಿದ ಮೂರನೇ ವರ್ಷವಿರಬೇಕು, ಅದರಲ್ಲಿ ಒಂದು ಶಬ್ದ ಹುಟ್ಟಿತು. ಕ್ಲಚ್ ಬಿಟ್ಟು ಗಾಡಿ ಎಳೆಯುವಾಗ 'ಲೊಟಕ್' ಎಂದು ಬಡಿಯುವುದು. ಮೇಸ್ತ್ರಿ ಸಲಾಕೆ ಹಿಡಿದರು. ಇಂಜಿನ್ ಕೂರುವ ರಬ್ಬರಿನ ಹತ್ತಿರ ಸಲಾಕೆ ಬಂದಾಗ ಬೀಡಿ ಬಲಕ್ಕೆ ಹೋಯಿತು. ರಬ್ಬರು ಸಡಿಲವಾಗಿತ್ತು, ಅಷ್ಟೆ. ಅರ್ಧ ಗಂಟೆಯ ಕೆಲಸ. ಆದರೆ ಆ ಹೊತ್ತಿಗೆ ಇಬ್ಬರು ಬಸ್ಸಿನ ಮಾಲೀಕರು ಅಲ್ಲಿ ಟೀ ಕುಡಿಯುತ್ತಾ ಕೂತಿದ್ದರು. ಮೇಸ್ತ್ರಿ ಅವರ ಕಡೆ ಒಂದು ನೋಟ ಹಾಕಿ, "ಬೇರಿಂಗ್ ಹೋಗೈತೆ. ಇಂಜಿನ್ ಇಳಿಸ್ಬೇಕು" ಎಂದರು. ರಬ್ಬರು ಬಿಗಿ ಮಾಡಿದವನಿಗೆ ಯಾರು ಹೆಸರು ಕೊಡುತ್ತಾರೆ?

ಇಂಜಿನ್ ಇಳಿಸಿದೆವು. ಬೇರಿಂಗ್ ಎಂದರೆ ಅಗಲವಾದ ಬಳೆಯನ್ನು ಅರ್ಧಕ್ಕೆ ಸೀಳಿದ ಹಾಗಿನ ತುಂಡು. ತಿರುಗುವ ದಂಡ ಅದರೊಳಗೆ ಜಾರುತ್ತದೆ. ಗಂಗಪ್ಪನವರದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ದಡ್ಡ, ಖುಷಿಯಿಂದ ತೆಗೆದುಕೊಂಡು ಹೋಗಿ, "ಮೇಸ್ತ್ರಿ, ಹೊಸದರ ಥರ ಇದೆ ನೋಡಿ" ಅಂದೆ.

ಅವರು ತಿರುಗಿ ನೋಡಲೂ ಇಲ್ಲ. "ಹಂಗಾದ್ರೆ ಹಳೇದು ಮಾಡು" ಅಂದರು. ಕಾಲಿನಿಂದ ಕಬ್ಬಿಣ ಉಜ್ಜುವ ಒಂದು ಅರವನ್ನು ನನ್ನ ಕಡೆ ತಳ್ಳಿದರು.

ಹಳೆಯದು ಮಾಡಿದೆ. ಅರ ಹಾಕಿ ಉಜ್ಜಿದೆ. ಅಷ್ಟರಲ್ಲಿ ಅವರು ಖಾಕಿ ತೋಳು ಮಡಿಸಿ, ನಾನು ನೋಡುತ್ತಿಲ್ಲ ಎಂದುಕೊಂಡು, ಹಳೆ ರಬ್ಬರು ಕಿತ್ತು ಹೊಸದನ್ನು ಕೂರಿಸಿದರು. ಸಂಜೆ ಬೇರಿಂಗನ್ನು ಗಂಗಪ್ಪನವರ ಕೈಯಲ್ಲಿ ಇಟ್ಟವನು ನಾನು. ಅವರು ಗೀರುಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

"ಅಯ್ಯೋ ದೇವ್ರೆ, ಇಷ್ಟೊಂದು ಸವೆದಿತ್ತಾ? ಇದನ್ನಿಟ್ಕೊಂಡು ಹೆಂಗಸ್ರು ಮಕ್ಕಳನ್ನ ತುಂಬ್ಕೊಂಡು ಹೋಗ್ತಿದ್ನಲ್ಲಪ್ಪ!"

"ಹೌದಣ್ಣ" ಅಂದೆ. ಅವರು ಹೋಗಿ ಮೇಸ್ತ್ರಿಗೆ ಕೈ ಮುಗಿದರು. ಮೇಸ್ತ್ರಿ ಕೈ ಮುಗಿಸಿಕೊಂಡರು.

ಇಂಥವರು ಒಂದೇ ಸುಳ್ಳಿಗೆ ನಿಲ್ಲುವುದಿಲ್ಲ. ಇನ್ನೊಂದು ಕೈಚಳಕ ಇತ್ತು. ಸವೆದ ಇಂಜಿನ್ ಸದ್ದು ಮಾಡುತ್ತದೆ. ಅದರ ಆಯಿಲಿಗೆ ಗೇರ್ ಬಾಕ್ಸಿಗೆ ಹಾಕುವ ಗಟ್ಟಿ ಆಯಿಲನ್ನು ಬೆರೆಸಿದರೆ ಸದ್ದು ಅಡಗುತ್ತದೆ. ಜೇನಿನಲ್ಲಿ ಗಾಲಿ ಉರುಳಿದ ಹಾಗೆ. ಮಾಲೀಕ ನಗುನಗುತ್ತಾ ಹೋಗುತ್ತಾನೆ. ಆರು ತಿಂಗಳ ಮೇಲೆ ಇಂಜಿನ್ ಹೋದರೆ, ಓಡಿಸಿದವನದು ತಪ್ಪು. "ರಿಪೇರಿ ಅಂದ್ರೇನೋ? ಸದ್ದು ಅಡಗ್ಸೋದು" ಎನ್ನುತ್ತಿದ್ದರು. ಸದ್ದು ಇಂಜಿನ್ನಿನ ಬಾಯಿ. ಅದು ಕೂಗುವುದೇ ಬದುಕಿಸಿ ಅಂತ. ಅವರು ಆ ಬಾಯಿಗೆ ಗೇರ್ ಆಯಿಲ್ ಹೊಯ್ಯುತ್ತಿದ್ದರು.

ತೊಂಬತ್ತರ ಆರಂಭದಲ್ಲಿ ನಾನು ಬಿಟ್ಟು ಬಂದು ಶಿಡ್ಲಘಟ್ಟದಲ್ಲಿ ನನ್ನದೇ ಶೆಡ್ ಹಾಕಿದೆ. ಹೊರಟ ದಿನ ಕಾಲು ಮುಟ್ಟಲು ಬಗ್ಗಿದರೆ ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಸಲಾಕೆ ಯಾರ್ ಬೇಕಾದ್ರೂ ಇಟ್ಕೋಬೋದು. ಕಿವಿ ಎಲ್ಲಿಂದ ತರ್ತೀಯ?" ಆಮೇಲೆ ಟೀ ಅಂಗಡಿಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಗೂಡು ಬೇಯಿಸ್ತಿದ್ದೋನು ಕಣ್ರೋ. ಈಗ ಇಂಜಿನ್ ಬೇಯಿಸ್ತಾನೆ, ನೋಡ್ತಿರಿ."

ಬೇಯಿಸಲಿಲ್ಲ. ಬೆಳಿಗ್ಗೆ ಆರಕ್ಕೆ ತೆಗೆದ ಬಾಗಿಲನ್ನು ಕತ್ತಲಾದ ಮೇಲೆ ಹಾಕಿದೆ, ಬಿಚ್ಚಿದ ಪ್ರತಿ ತುಂಡನ್ನೂ ಗಿರಾಕಿಯ ಮುಂದೆ ಇಟ್ಟೆ. ಗೂಡಿನ ಮಾರ್ಕೆಟ್ಟಿಗೆ ಬರುವ ಸಾದಲಿ, ದಿಬ್ಬೂರಹಳ್ಳಿ ಕಡೆಯ ಗಾಡಿಗಳು ನನ್ನ ಹತ್ತಿರ ನಿಲ್ಲತೊಡಗಿದವು. ಯಾರ ಹಂಗೂ ಇಲ್ಲದೆ ಕಟ್ಟಿದ ಹೆಸರು. ಅದರ ಕೆಳಗೆ ಒಂದು ಅರ ಹಾಕಿದ ಬೇರಿಂಗ್ ಇದೆ ಎಂದು ಇಬ್ಬರಿಗೆ ಮಾತ್ರ ಗೊತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರಿಗೆ ಮೊದಲ ಟರ್ಬೊ ಕಾರು ಬಂತು. ರೇಷ್ಮೆ ವ್ಯಾಪಾರಿ ನಜೀರ್ ಸಾಹೇಬರದು. ಡೀಸೆಲ್ ಗಾಡಿ; ಹಿಂದುಗಡೆ ಬೆಳ್ಳಿಯ ಅಕ್ಷರದಲ್ಲಿ ಟರ್ಬೊ ಎಂದು ಬರೆದಿತ್ತು. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಫ್ಯಾನು ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ನೂಕುತ್ತದೆ. ಗಾಡಿಗೆ ಹೆಚ್ಚು ದಮ್ಮು ಬರುತ್ತದೆ. ಟರ್ಬೊ ಎಂದರೆ ಇಷ್ಟೇ. ಆ ಫ್ಯಾನು ಕೂತಿರುವ ಕಡ್ಡಿ ಸಿಕ್ಕಾಪಟ್ಟೆ ವೇಗದಲ್ಲಿ ತಿರುಗುತ್ತದೆ, ತೆಳುವಾದ ಆಯಿಲ್ ಕ್ಷಣಕ್ಷಣವೂ ಅದಕ್ಕೆ ಸಿಗುತ್ತಿರಬೇಕು.

ಸಾಹೇಬರು ಒಂದು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದರು.

"ಏರು ಹತ್ತುವಾಗ ಒಳಗಿಂದ ಟಕಟಕ ಟಕಟಕ ಅಂತದೆ ಭಾಯ್. ಚಿಕ್ಕಬಳ್ಳಾಪುರದಲ್ಲಿ ನಿಮ್ಮ ಉಸ್ತಾದ್ ಹತ್ರ ತೋರಿಸ್ದೆ. ಅವ್ರೇ ಸರ್ವಿಸ್ ಮಾಡ್ತಿದ್ದಿದ್ದು. ಮೂರನೇ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸ್ಬೇಕು ಅಂದ್ರು. ವರ್ಷ ತುಂಬದ ಗಾಡಿ. ನನಗೆ ಮನಸ್ಸೇ ಬರ್ತಿಲ್ಲ. ನೀವೊಂದು ದಫಾ ನೋಡಿ."

ಬೇರಿಂಗ್ ಎಂಬ ಮಾತು ಕೇಳಿದೊಡನೆ ಗಾಡಿಯ ಬೀಗದ ಕೈ ಇಸಿದುಕೊಂಡೆ.

ಎರಡು ದಿನ ಆ ಗಾಡಿಯ ಹಿಂದೆ ಬಿದ್ದೆ. ದಿಬ್ಬೂರಹಳ್ಳಿ ರಸ್ತೆಯ ಏರಿನಲ್ಲಿ ನಾಲ್ಕು ಸಲ ಓಡಿಸಿದೆ. ಎಳೆತ ಬಂದಾಗ, ಇಂಜಿನ್ ಜೋರಾದಾಗ ಮಾತ್ರ ಬಡಿತ, ಜೊತೆಗೆ ಹಿಂದೆ ನೀಲಿ ಹೊಗೆ. ವಾಪಸ್ಸು ತಂದು, ಇಂಜಿನ್ ಜೋರಾಗಿ ಓಡುತ್ತಿರುವಾಗಲೇ ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿದೆ. ಒಂದು ಬೇರಿಂಗ್ ಹೋಗಿದ್ದರೆ ಅದರ ಸಿಲಿಂಡರಿಗೆ ಡೀಸೆಲ್ ನಿಂತೊಡನೆ ಬಡಿತವೂ ಇಳಿಯಬೇಕು. ಮೂರನೆಯದನ್ನು ನಿಲ್ಲಿಸಿದರೂ ಬಡಿತ ಹಾಗೇ ಇತ್ತು. ನಾಲ್ಕರಲ್ಲಿ ಯಾವುದನ್ನು ನಿಲ್ಲಿಸಿದರೂ ಹಾಗೇ. ಹಾಗಾದರೆ ರೋಗ ಒಂದು ಸಿಲಿಂಡರಿನದಲ್ಲ, ಎಲ್ಲಕ್ಕೂ ಹೋಗುವ ಯಾವುದರದ್ದೋ. ಎಲ್ಲಕ್ಕೂ ಹೋಗುವುದು ಗಾಳಿ. ಟರ್ಬೊದಿಂದ ಬರುವ ಗಾಳಿಯ ಹೋಸ್ ಪೈಪಿನೊಳಗೆ ಬೆರಳು ತೂರಿಸಿದೆ. ಬೆರಳು ಕಪ್ಪಗೆ ಒದ್ದೆಯಾಗಿ ಬಂತು. ಫ್ಯಾನಿನ ಕಡ್ಡಿ ಸವೆದು, ಆಯಿಲ್ ಸೋರಿ, ಗಾಳಿಯ ಜೊತೆ ಇಂಜಿನ್ನಿಗೆ ಹೋಗಿ ಡೀಸೆಲ್ಲಿನ ಹಾಗೇ ಉರಿಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಳ್ಳುವ ಬೆಂಕಿ ಅದು, ಬಡಿತ ಅದರದ್ದು.

ಹೊಸ ಗಾಡಿಯ ಕಡ್ಡಿ ಯಾಕೆ ಸವೆಯಿತು? ಬೆರಳಲ್ಲಿದ್ದ ಆಯಿಲನ್ನು ಹೆಬ್ಬೆರಳಿಗೆ ಒತ್ತಿ ಬಿಡಿಸಿದೆ. ಎಳೆ ಬಂತು. ಗೂಡಿನಿಂದ ಎತ್ತಿದ ಹಾಗೆ ಉದ್ದಕ್ಕೆ ಎಳೆ ಬಂತು. ಗೇರ್ ಆಯಿಲ್. ಡೀಸೆಲ್ ಗಾಡಿಯ ಸದ್ದು ಕಮ್ಮಿ ಮಾಡಿಕೊಡಿ ಎಂದು ಸಾಹೇಬರು ಕೇಳಿದ್ದಿರಬೇಕು, ಮೇಸ್ತ್ರಿ ಹಳೆ ಕೈಚಳಕ ತೋರಿಸಿದ್ದರು. ಬೆಳಗಿನ ಚಳಿಗೆ ಆ ಗಟ್ಟಿ ಆಯಿಲ್ ಟರ್ಬೊಗೆ ಏರುವಷ್ಟರಲ್ಲಿ ಕಡ್ಡಿ ಒಣಗಿ ತಿರುಗಿ ತಿರುಗಿ ಸವೆದಿತ್ತು.

ನಮ್ಮ ಕಡೆ ಗ್ಯಾರೇಜಿನವರಲ್ಲಿ ಒಂದು ಕಟ್ಟುಪಾಡು ಇತ್ತು. ಒಬ್ಬ ತೀರ್ಪು ಕೊಟ್ಟ ಇಂಜಿನ್ನನ್ನು ಇನ್ನೊಬ್ಬ ಬಿಚ್ಚಬೇಕಾದರೆ ಮೊದಲನೆಯವನನ್ನು ಕರೆಸಿ, ಅವನ ಕಣ್ಣೆದುರಿಗೇ ಬಿಚ್ಚಬೇಕು. ಹೇಳಿ ಕಳಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ. ನಾಲ್ಕು ಜನ ಕೆಲಸದವರನ್ನು ಕಟ್ಟಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಂದೇ ಬಂದರು. ಶೆಡ್ಡಿನ ಮುಂದೆ ಜನ ಸೇರಿದರು.

"ಏಮಿರಾ, ನನ್ನ ಮಾತು ಅಳೆಯೋಷ್ಟು ಉದ್ದ ಆದ್ಯಾ?" ಎಂದರು.

"ಅಳೆಯಲ್ಲ ಮೇಸ್ತ್ರಿ. ನೀವೇ ಇನ್ನೊಂದ್ಸಲ ಕೇಳಿ" ಅಂದೆ.

ಇಂಜಿನ್ ಜೋರು ಮಾಡಿಸಿದೆ. ಜನ ಗಪ್‌ಚಿಪ್ಪಾದರು. ಸಲಾಕೆ ಇಂಜಿನ್ನಿನ ಕೆಳಗೆ ಹೋಯಿತು, ಪಕ್ಕಕ್ಕೆ ಹೋಯಿತು, ಮೇಲಕ್ಕೆ ಬಂತು. ನಾನು ನೋಡುತ್ತಿದ್ದುದು ಸಲಾಕೆಯನ್ನಲ್ಲ, ಬೀಡಿಯನ್ನು. ಮೂರನೇ ಬೇರಿಂಗಿನ ಹತ್ತಿರ ಬೀಡಿ ಅಲುಗಲಿಲ್ಲ. ಸಲಾಕೆ ಟರ್ಬೊವನ್ನು ಮುಟ್ಟಿತು. ಬೀಡಿ ಮೆಲ್ಲಗೆ, ಮೊದಲಿನಷ್ಟೇ ಖಚಿತವಾಗಿ, ಬಲಕ್ಕೆ ಸರಿಯಿತು.

ಕಣ್ಣು ತೆರೆದರು. ಜನರನ್ನು ನೋಡಿದರು.

"ಮೂರನೇ ಬೇರಿಂಗ್" ಎಂದರು.

ಗೊತ್ತಿಲ್ಲದೆ ತಪ್ಪು ಹೇಳುವವನನ್ನು ನಾನು ಕ್ಷಮಿಸುತ್ತೇನೆ. ಎಷ್ಟು ಸಲ ನಾನೇ ತಪ್ಪಿಲ್ಲ? ಇವರಿಗೆ ಗೊತ್ತಿತ್ತು. ದೇವರು ಅಂಥ ಕಿವಿಯನ್ನು ಕೊಟ್ಟು, ಅದರ ಕೆಳಗೆ ಅಂಥ ಬಾಯಿಯನ್ನು ಯಾಕೆ ಇಟ್ಟನೋ!

ನಾನು ಟರ್ಬೊದಿಂದ ಬರುವ ಹೋಸ್ ಪೈಪು ಕಳಚಿ, ಒಳಗಿನ ಆಯಿಲನ್ನು ಬಟ್ಟೆಯಿಂದ ಒರೆಸಿ, ಇಂಜಿನ್ನಿಗೆ ಹೊರಗಿನ ಬರಿ ಗಾಳಿ ಕುಡಿಯಲು ಬಿಟ್ಟೆ. ಮತ್ತೆ ಜೋರು ಮಾಡಿಸಿದೆ. ಒಳಗೆ ಉಳಿದದ್ದು ಉರಿದು ಹೋಗುವ ತನಕ ಒಂದೆರಡು ನಿಮಿಷ ಬಡಿಯಿತು. ಆಮೇಲೆ ನಿಂತಿತು. ನೀಲಿ ಹೊಗೆಯೂ ನಿಂತಿತು. ಇಂಜಿನ್ ನಿಲ್ಲಿಸಿ, ಟರ್ಬೊದ ಫ್ಯಾನು ಹಿಡಿದು ಅಲ್ಲಾಡಿಸಿ ತೋರಿಸಿದೆ. ಹಾಲು ಹಲ್ಲಿನ ಹಾಗೆ ಅಲ್ಲಾಡಿತು. ಜನ ಹೋ ಎಂದರು.

ನಜೀರ್ ಸಾಹೇಬರು ಕೇಳಬೇಕಾದದ್ದನ್ನೇ ಕೇಳಿದರು. "ಹೊಸ ಗಾಡಿ ಅಲ್ವಾ ಭಾಯ್? ಇದು ಹಿಂಗ್ಯಾಕಾಯ್ತು?"

ನನ್ನ ಬೆರಳಲ್ಲಿ ಇನ್ನೂ ಆ ಆಯಿಲ್ ಇತ್ತು. ಬೆರಳು ಬಿಡಿಸಿ ಎಳೆ ತೋರಿಸಿದ್ದರೆ ಸಾಕಿತ್ತು, ನೂಲಿನ ಊರು ನಮ್ಮದು, ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಟರ್ಬೊ ನೋಡುವವರ ಹಾಗೆ ಬಗ್ಗಿ, ನನ್ನ ಕಿವಿಯ ಹತ್ತಿರ ಬಾಯಿ ತಂದರು.

"ಮಂಚೇನಹಳ್ಳಿ ಗಂಗಪ್ಪ ಇನ್ನೂ ಜೀಪು ಓಡಿಸ್ತಾವ್ನೆ. ಅರ ಹಾಕಿದ್ದು ನಿನ್ ಕೈ, ನಂದಲ್ಲ."

ನಾನು ಬಟ್ಟೆ ತೆಗೆದುಕೊಂಡು ಬೆರಳು ಒರೆಸಿಕೊಂಡೆ.

"ಒಂದೊಂದು ಗಾಡಿ ಹಂಗೇ ಬಂದ್ಬಿಡ್ತದೆ ಸಾಹೇಬ್ರೆ" ಅಂದೆ.

ಮೇಸ್ತ್ರಿ ನೆಟ್ಟಗೆ ನಿಂತರು. ನನ್ನ ಬೆನ್ನು ತಟ್ಟಿ, ಊರಿಗೆಲ್ಲ ಕೇಳಿಸುವ ಹಾಗೆ ಹೇಳಿದರು: "ನೋಡಿದ್ರಾ ನನ್ನ ಶಿಷ್ಯನ್ನ! ಬೇಕಂತಲೇ ಬೇರಿಂಗ್ ಅಂದೆ ಕಣ್ರಪ್ಪ. ಹುಡುಕ್ತಾನೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ. ಗೆದ್ದ!"

ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಇಬ್ಬರಿಗೂ ಬಾದಾಮಿ ಹಾಲು ತರಿಸಿದರು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಈ ಕತೆ ಹಬ್ಬಿತು, ಶಿಷ್ಯನನ್ನು ಪರೀಕ್ಷಿಸಿದ ಗುರುವಿನ ಕತೆಯಾಗಿ. ಸವೆದ ಟರ್ಬೊ ಬಿಚ್ಚಿ ಶೆಡ್ಡಿನಲ್ಲೇ ಇಟ್ಟುಕೊಂಡು, ಹೊಸದು ಕೂರಿಸಿದೆ. ಗಾಡಿಯಲ್ಲಿದ್ದ ಆಯಿಲನ್ನು ಬಸಿದು ತೆಳು ಆಯಿಲ್ ಹಾಕಿ, "ಇದೊಂದೇ ಹಾಕ್ಸಿ" ಎಂದು ಸಾಹೇಬರಿಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಇಂಜಿನ್ನುಗಳ ಬಾಯಿ ಮುಚ್ಚಿಸುತ್ತಿದ್ದವರು ಆವತ್ತು ನನ್ನದನ್ನೂ ಮುಚ್ಚಿಸಿದರು. ಮುಚ್ಚಿಕೊಂಡವನು ನಾನು.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಸಲಾಕೆಯನ್ನು ಮೊದಲು ಗಿರಾಕಿಯ ಕಿವಿಗೆ ಕೊಡುತ್ತೇನೆ. ಕೇಳಿಸಲಿ, ಬಿಡಲಿ, ಅವರ ಗಾಡಿಯ ಸದ್ದು ಅವರ ಕಿವಿಗೆ ಮೊದಲು ಹೋಗಬೇಕು.

ಮೇಸ್ತ್ರಿ ಹೋಗಿ ಹನ್ನೊಂದನೇ ದಿನ ಮಧ್ಯಾಹ್ನ, ಗೇಟಿನಾಚೆ ಒಂದು ಜೀಪು ತಿರುಗಿತು. 'ಲೊಟಕ್' ಎಂದಿತು. ತಲೆ ಎತ್ತದೆಯೇ ನನಗೆ ಗೊತ್ತಾಯಿತು. ಅದೇ ಜೀಪು. ಗಂಗಪ್ಪನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಯಿ ತುಂಬ ಎಲೆ ಅಡಿಕೆ.

"ತಿಥಿ ಊಟ ಮುಗಿಸ್ಕೊಂಡು ಬಂದೆ ಕಣಪ್ಪ. ನೀನ್ಯಾಕೆ ಬರ್ಲಿಲ್ಲ? ಎಂಥ ಕಿವಿ, ಎಂಥ ಕೈಗುಣ! ಇನ್ನು ಜೀಪು ಯಾರಿಗೆ ತೋರಿಸ್ಲಿ ಅಂದ್ರೆ, ಅವರ ಶಿಷ್ಯ ಶಿಡ್ಲಘಟ್ಟದಲ್ಲವ್ನೆ ಅಂದ್ರು. ಮತ್ತೆ ಶುರುವಾಗದೆ ನೋಡು. ಬೇರಿಂಗ್ ಇರ್ಬೇಕು."

ಸಲಾಕೆಯನ್ನು ಅವರ ಕೈಗೆ ಕೊಟ್ಟೆ. "ನೀವೇ ಕೇಳಿ ಗಂಗಣ್ಣ."

"ನನಗೇನ್ ತಿಳೀತದೆ?"

"ಕೇಳಿ."

ಅವರ ಜೊತೆ ಬಂದಿದ್ದ ಡ್ರೈವರನ್ನು ಕೂರಿಸಿ ಕ್ಲಚ್ ಬಿಡಿಸುತ್ತಾ, ಸಲಾಕೆಯ ತುದಿಯನ್ನು ಮೊದಲು ಬೇರಿಂಗಿನ ಹತ್ತಿರ ಹಿಡಿದೆ, ಆಮೇಲೆ ರಬ್ಬರಿನ ಹತ್ತಿರ. ಗಂಗಪ್ಪನವರು ಕಿವಿಯನ್ನು ಫಟ್ಟನೆ ಹಿಂದೆ ತೆಗೆದರು. "ಇಲ್ಲೇ ಬಡೀತಾ ಐತೆ!"

ರಬ್ಬರು ಬದಲಿಸಿದೆ. ಅರ್ಧ ಗಂಟೆ. ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡುತ್ತಾ ನಿಂತಿದ್ದರು. ಜೀಪನ್ನು ಮುಂದೆ ಹಿಂದೆ ಓಡಿಸಿದೆವು. ಸದ್ದಿಲ್ಲ.

"ಇಂಜಿನ್ ಇಳಿಸಲ್ವಾ?"

"ಬೇಡ ಗಂಗಣ್ಣ."

"ಆವತ್ತೂ ಇದೇ ಶಬ್ದ ಬಂದಿದ್ದು ಕಣಪ್ಪ. ಹೂಬಹೂ ಇದೇ." ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. ಅಲ್ಲಿ ಇಲ್ಲದ ಯಾವುದರ ಮೇಲೋ ಹೆಬ್ಬೆರಳು ಮೆಲ್ಲಗೆ ಆಡಿತು. "ಆವತ್ತು ಬೇರಿಂಗ್ ತಂದು ನನ್ನ ಕೈಗಿಟ್ಟೋನು ನೀನೇ ಅಲ್ವಾ?"

ಕಿವಿಯಲ್ಲಿ ಪಿಸುಗುಟ್ಟುವವರು ಈಗ ಯಾರೂ ಇರಲಿಲ್ಲ.

"ನಾನೇ. ಅದು ಹೊಸದರ ಹಾಗಿತ್ತು ಗಂಗಣ್ಣ. ಅವರು ಹೇಳಿದ್ರು, ನಾನು ಅರ ಹಾಕ್ದೆ."

ಅವರು ಬೈಯುತ್ತಾರೆ ಎಂದುಕೊಂಡೆ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪೂರ್ತಿ ಉಗಿದು, ನೀರು ಕೇಳಿ ಬಾಯಿ ಮುಕ್ಕಳಿಸಿದರು. ಮತ್ತೊಂದು ಸಲ ಮುಕ್ಕಳಿಸಿದರು.

"ಈಗ ತಾನೆ ಅವನ ತಿಥಿ ಊಟ ಉಂಡು ಬಂದ್ನಲ್ಲೋ" ಎಂದರು.

ಮುಖ ನೋಡದೆ ಹತ್ತಿ ಹೊರಟರು. ಜೀಪು ಸದ್ದಿಲ್ಲದೆ ಹೋಯಿತು.

ಆವತ್ತು ನಾನು ಹಾಡುಹಗಲೇ ಬಾಗಿಲು ಹಾಕಿದೆ. ಟೈರಿನ ಅಂ‍ಗಡಿಯವನು, "ಈಗ ಹಾಕ್ತಿದೀರಲ್ಲಣ್ಣ, ಗುರುಗಳ ತಿಥಿಗಾ?" ಎಂದ. ಇಲ್ಲ ಅಂದೆ. ಸೋರಿದ ಟರ್ಬೊ ನನ್ನ ಶೆಡ್ಡಿನ ಮೂಲೆಯಲ್ಲೇ ಇತ್ತು. ಅದರ ಬಾಯಲ್ಲಿ ಬೆರಳಿಟ್ಟು ಒತ್ತಿ ಬಿಡಿಸಿದೆ; ಇನ್ನೂ ಎಳೆ ಬರುತ್ತಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಜೀರ್ ಸಾಹೇಬರ ಮನೆಗೆ ಹೊರಟೆ.